ಇಳಿದು ನೋಡಿದೆಯಾ?

ರಾತ್ರಿ ಹನ್ನೊಂದೂವರೆಗೆ ರಾಯೆನ್ ಬಾಗಿಲು ತಟ್ಟದೆ ಒಳಬಂದಳು,
ಬಿಸಿ ರೊಟ್ಟಿ ಹಿಡಿದವಳ ಹಾಗೆ
ಲ್ಯಾಪ್‌ಟಾಪನ್ನು ಅಂಗೈಗಳ ಮೇಲೆ ಹೊತ್ತು.
"ಸಿಕ್ಕಿತು ಡಾಕ್ಟೊರಾ, ಕಂಡಿ ಸಿಕ್ಕಿತು."
ಕಿಟಕಿಯಾಚೆ ಕೊನ್ಸೆಪ್ಸಿಯೊನ್,
ಬಿಯೊಬಿಯೊ ನದಿಯಿಂದೆದ್ದ ಮಂಜಿಗೆ ಮೀನಿನ ವಾಸನೆ.

ನೋಡಿದೆ.
ಹದಿನೇಳು ದಿನ ಯಂತ್ರ ಅಗಿದು ಉಗುಳಿದ ಅಂಕಿಗಳು.
ಬಲಗಳೆಲ್ಲ ಸೊನ್ನೆಯ ಹತ್ತಿರ ಬಂದು ಮಲಗಿವೆ.
ಕಂಪನಗಳ ಪಟ್ಟಿಯ ನೆತ್ತಿಯಲ್ಲಿ ಒಂದೇ ಒಂದು ಮೈನಸ್ಸು.
ಒಂದೇ ಇರಬೇಕು.
ಒಂದೂ ಇಲ್ಲದಿದ್ದರೆ ಬರೀ ಹಳ್ಳ,
ಎರಡಿದ್ದರೆ ಯಾವುದೋ ಗುಡ್ಡದ ಭುಜ.
ಒಂದು ಗೆರೆಯ ಗುಂಟ ಮಾತ್ರ ಜಾರಿ
ಮಿಕ್ಕೆಲ್ಲ ಕಡೆಗೂ ಏರಾಗಿರುವ,
ಕುದುರೆಯ ಬೆನ್ನಿನ ತಡಿಯಂಥ ಜಾಗ.
ಸಂಕ್ರಮಣ ಸ್ಥಿತಿ.
ಅಣುಗಳು ಅಲ್ಲಿ ಬಿಡಾರ ಹೂಡುವುದಿಲ್ಲ,
ಹೊಸ್ತಿಲ ಮೇಲೆ ಯಾರು ಚಾಪೆ ಹಾಸುತ್ತಾರೆ?

ಆ ಮೈನಸ್ಸಿಗೆ ಪುಸ್ತಕದಲ್ಲಿ ಕಾಲ್ಪನಿಕ ಕಂಪನ ಅನ್ನುತ್ತಾರೆ.
ನನಗೆ ಆ ಹೆಸರು ಯಾವತ್ತೂ ಒಗ್ಗಲಿಲ್ಲ.
ಹಿಂದಕ್ಕೆಳೆಯಲು ಯಾರೂ ಇಲ್ಲದ್ದು ಅದು,
ಹೊರಟರೆ ಹೊರಟೇ ಹೋಯಿತು.

"ಇಳಿದು ನೋಡಿದೆಯಾ?" ಅಂದೆ.
ಅವಳ ಮುಖ ಸಪ್ಪಗಾಯಿತು.
"ಒಂದೇ ಇದೆಯಲ್ಲ, ಡಾಕ್ಟೊರಾ."

ತೆರೆಯ ಮೇಲೆ ಆ ಕಂಪನವನ್ನು ಆಡಿಸಿದಳು.
ಆಕ್ಸಿಜನ್ನಿನಿಂದ ನೈಟ್ರೋಜನ್ನಿಗೆ ಹಾರಬೇಕಾಗಿದ್ದ ಹೈಡ್ರೋಜನ್ನು
ಕರೆಯದ ಮದುವೆಗೆ ಬಂದವನಂತೆ ಕೊಂಚ ಮಿಸುಕಿತು.
ಮೂಲೆಯ ಮೀಥೈಲ್ ಗುಂಪು ಮಾತ್ರ
ಗರಗರ ಕುಣಿಯುತ್ತಿತ್ತು.
ಅಂಕಿಯೂ ನೂರ ಎಂಬತ್ತೇಳು. ಹೈಡ್ರೋಜನ್ನು ಜಿಗಿಯುವುದಾದರೆ
ಸಾವಿರ ದಾಟಬೇಕಿತ್ತಲ್ಲವೆ?
ಹೇಳಲಿಲ್ಲ. ಎರಡೂ ಕಡೆಗೆ ಇಳಿಸು, ಅಂದೆ.

ಕಾಯುತ್ತ ತಾತನ ಕಥೆ ಹೇಳಿದೆ.
ಲೊಂಕಿಮಾಯ್‌ನ ಎಲೆಯುತೇರಿಯೊ, ಹೇಸರಗತ್ತೆಗಳ ಮೇಲೆ
ಗಡಿಯಾಚೆಗೆ ಹಿಟ್ಟು ಸಾಗಿಸುತ್ತಿದ್ದವನು.
ಒಂದು ಮೇ ತಿಂಗಳು, ಹನ್ನೊಂದು ಹೇಸರಗತ್ತೆ,
ಮೂಗಿನ ತುದಿ ಕಾಣದ ಮಂಜು.
ಕಂಡಿ ಹತ್ತಿದ. ನೆತ್ತಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು
ಎದೆಗೆ ಶಿಲುಬೆ ಗುರುತು ಹಾಕಿಕೊಂಡ. ಇಳಿದ.
ಇಳಿದ, ಇಳಿದ, ಕತ್ತಲಾಗುವಾಗ ನಾಯಿ ಬೊಗಳಿತು.
ಅರ್ಜೆಂಟೀನಾದ ನಾಯಿಗೂ ನಮ್ಮ ನಾಯಿಯದೇ ಗಂಟಲು, ಅಂದುಕೊಂಡ.
ನಮ್ಮ ನಾಯಿಯೇ ಅದು.
ಅಜ್ಜಿ ಒಲೆ ಬಿಟ್ಟೆದ್ದು ಬಂದು ಕೇಳಿದಳಂತೆ:
"ಏನು ಮರೆತು ಹೋಗಿದ್ದೆ?"

ಅಂದಿನಿಂದ ನಮ್ಮ ಮನೆಯ ಹಿತ್ತಿಲಿಗೆ ಅರ್ಜೆಂಟೀನಾ ಎಂದೇ ಹೆಸರು.
ಕೋಳಿ ಎಲ್ಲಿ? ಅರ್ಜೆಂಟೀನಾದಲ್ಲಿ.
ತಾತ ಸಾಯುವವರೆಗೂ ವಾದಿಸಿದ:
ನಾನು ಹತ್ತಿದ್ದು ಕಂಡಿಯೇ, ಆಣೆಗೂ ಕಂಡಿಯೇ.
ನಿಜವೇ ಇರಬೇಕು.
ನಮ್ಮದೇ ಕಣಿವೆಯ ಎರಡು ಮಡಿಕೆಗಳ ನಡುವೆಯೂ
ಕಂಡಿಗಳು ಇರುತ್ತವೆ.

ಯಂತ್ರ ಇಳಿಯುತ್ತಿತ್ತು, ಇರುವೆಯ ಹೆಜ್ಜೆಯಲ್ಲಿ,
ಪ್ರತಿ ಹೆಜ್ಜೆಗೂ ನಿಂತು ಇಳಿಜಾರು ಯಾವ ಕಡೆ ಎಂದು ಕೇಳಿಕೊಳ್ಳುತ್ತ.
ಮೂರರ ಸುಮಾರಿಗೆ ನೆಲ ನಡುಗಿತು.
ಈ ಊರಲ್ಲಿ ಅದಕ್ಕೆ ಯಾರೂ ಏಳುವುದಿಲ್ಲ.
ರಾಯೆನ್ ಲೋಟ ಹಿಡಿದುಕೊಂಡಳು, ನಾನು ಪರದೆಯನ್ನು.
ತೂಗುದೀಪ ಅತ್ತ ಇತ್ತ ಆಡಿ
ತನ್ನ ಜಾಗಕ್ಕೆ ಮರಳಿ ಬಂತು.

ಬೆಳಗಿನ ಜಾವ ಎರಡು ತುದಿಗಳೂ ಸಿಕ್ಕವು.
ಅವಳು ಒಂದರ ಮೇಲೊಂದು ಇಟ್ಟು ನೋಡಿದಳು.
ಈ ಕಡೆ ಹೊರಟ ಅಣು. ಆ ಕಡೆಯೂ ಹೊರಟ ಅಣುವೇ,
ಮೀಥೈಲ್ ಮಾತ್ರ ಮಗ್ಗುಲು ಬದಲಿಸಿತ್ತು.
ಹೈಡ್ರೋಜನ್ನು ಆಕ್ಸಿಜನ್ನನ್ನು ಬಿಟ್ಟು ಕದಲಿರಲೇ ಇಲ್ಲ.

ಬಹಳ ಹೊತ್ತು ಮಾತಿಲ್ಲ.
"ಹದಿನೇಳು ದಿನ," ಅಂದಳು. ನಾನು ಹ್ಞೂಂ ಅಂದೆ.
ಸಮಾಧಾನಕ್ಕೆ ಇನ್ನೇನೋ ಹೇಳಬಹುದಿತ್ತು,
ನಿದ್ದೆಗೆಟ್ಟ ಬಾಯಿಗೆ ಬರಲಿಲ್ಲ.

ಕೆಳಗಿನ ಅಂಗಡಿ ತೆರೆದಿತ್ತು.
ಮರ್ರಾಕೇತಾ ರೊಟ್ಟಿ ತಗೊಂಡು ಬರುವಷ್ಟರಲ್ಲಿ
ಅವಳು ಹೈಡ್ರೋಜನ್ನನ್ನು ಅರ್ಧ ದಾರಿಗೆ ಎಳೆದು ನಿಲ್ಲಿಸಿ
ಹೊಸ ಹುಡುಕಾಟಕ್ಕೆ ಹಚ್ಚಿದ್ದಳು.
ಹಳೆಯ ಫೈಲನ್ನು ಅಳಿಸಿರಲಿಲ್ಲ.
ಹೆಸರು ಬದಲಾಗಿತ್ತು: ಅರ್ಜೆಂಟೀನಾ-ಒಂದು.